ಹದಿನಾಲ್ಕನೆಯ ಸಾಲು

ನನ್ನನ್ನು ಹುಡುಗರು ಗಿರಣಿ ಮೇಷ್ಟ್ರು ಅನ್ನುತ್ತಾರೆ. ಬೆನ್ನ ಹಿಂದೆ ಅನ್ನುತ್ತಿದ್ದೇವೆ ಎಂದು ಅವರ ಭಾವನೆ. ನನ್ನ ಬೆನ್ನಿಗೂ ಎರಡು ಕಿವಿಗಳಿವೆ ಎಂಬುದು ಪಾಪ ಅವರಿಗೆ ಗೊತ್ತಿಲ್ಲ. ಮೂವತ್ತನಾಲ್ಕು ವರ್ಷ ಹನ್ನೆರಡನೇ ತರಗತಿಗೆ ಗಣಿತ ಹೇಳಿದ್ದೇನೆ. ದಿನಾ ಬೆಳಗ್ಗೆ ಮೊದಲ ಪೀರಿಯಡ್ಡಿಗೆ ಮುಂಚೆ ಅರ್ಧ ಗಂಟೆ ಗಿರಣಿ ಓಡಬೇಕು: ಇನ್ನೂರ ಹನ್ನೆರಡು ಸೂತ್ರಗಳು, ಒಂದರ ಬಾಲಕ್ಕೆ ಇನ್ನೊಂದು, ಇಡೀ ತರಗತಿ ಒಂದೇ ದನಿಯಲ್ಲಿ. ನಮ್ಮ ಕೊಠಡಿಯ ಸೂರಿನಲ್ಲಿ ಗೂಡು ಕಟ್ಟಿದ ಪಾರಿವಾಳಗಳು ಮೂರನೇ ತಲೆಮಾರಿಗೆ ಅನುಕಲನ ಶುರು ಮಾಡಿದವು. ಎದುರು ಬೀದಿಯ ದರ್ಜಿ ತ್ರಿಕೋನಮಿತಿ ಇಲ್ಲದೆ ತೋಳು ಕತ್ತರಿಸುವುದನ್ನೇ ಬಿಟ್ಟ. ಒಮ್ಮೆ ಜ್ವರ ಬಂದು ನನಗೆ ಮೂರು ದಿನ ಪ್ರಜ್ಞೆ ಇರಲಿಲ್ಲ. ಡಾಕ್ಟರು ನಾಡಿ ಹಿಡಿದು ಕೂತಾಗ ನಾನು ನೂರ ಎಂಟನೇ ಸೂತ್ರದಲ್ಲಿದ್ದೆನಂತೆ. ಆತ ಕೈಬಿಟ್ಟು ಹೋಗುವಾಗ ನೂರ ಅರವತ್ತು ದಾಟಿತ್ತಂತೆ, ಒಂದು ಚಿಹ್ನೆಯೂ ತಪ್ಪದೆ.

ಈ ಮಾತಿನಲ್ಲಿ ಅಲ್ಪಸ್ವಲ್ಪ ಒಗ್ಗರಣೆ ಇದ್ದರೆ ಇರಲಿ. ಮುಂದೆ ಹೇಳುವುದರಲ್ಲಿ ಸಾಸಿವೆ ಕಾಳಿನಷ್ಟೂ ಇಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗೇ ಎಷ್ಟೋ ಸಲ ಅನ್ನಿಸಿದೆ.

ಈ ವರ್ಷದಿಂದ ಹನ್ನೆರಡನೇ ತರಗತಿಯ ಗಣಿತ ಪರೀಕ್ಷೆಗೆ ಸೂತ್ರದ ಹಾಳೆ ಕೊಡುತ್ತಾರೆಂದು ಪರೀಕ್ಷಾ ಮಂಡಳಿಯಿಂದ ಸುತ್ತೋಲೆ ಬಂತು. ಪ್ರಶ್ನೆಪತ್ರಿಕೆಯ ಜೊತೆಗೇ ಒಂದು ಹಳದಿ ಹಾಳೆ. ಅದರ ಎರಡೂ ಬದಿಗೆ ಅಚ್ಚು ಹಾಕಿದ ಅರವತ್ತನಾಲ್ಕು ಸೂತ್ರಗಳು. ಯಾರೂ ಏನನ್ನೂ ಬಾಯಿಪಾಠ ಮಾಡಬೇಕಾಗಿಲ್ಲ, ನೋಡಿ ಬರೆದರಾಯಿತು. ಸ್ಟಾಫ್ ರೂಮಿನಲ್ಲಿ ಸುತ್ತೋಲೆ ಓದಿದಾಗ ನಡುಬೀದಿಯಲ್ಲಿ ನನ್ನ ಮೀಸೆ ಬೋಳಿಸಿದ ಹಾಗಾಯಿತು. ನನ್ನ ಮೂವತ್ತನಾಲ್ಕು ವರ್ಷವನ್ನು ಒಂದು ಹಾಳೆಯ ಮೇಲೆ ಅಚ್ಚು ಹಾಕಿ ಪುಕ್ಕಟೆ ಹಂಚುತ್ತಾರಂತೆ!

ನನ್ನ ಸಹೋದ್ಯೋಗಿ, ನಾವೆಲ್ಲ ಚಾಕ್‌ಪೀಸ್ ಎಂದು ಕರೆಯುವ ಬಿಳಿಚಿದ ಸಣಕಲು ಮನುಷ್ಯ, ಎದುರಿಗೇ ಕೂತಿದ್ದ. "ಇನ್ನು ಗಿರಣಿಗೆ ಬೀಗ ಅಂತಾಯ್ತು," ಅಂದ.

"ಬೀಗ ಹಾಕೋಕೆ ಯಾರಿಗೆ ಧೈರ್ಯ ಇದೆ ಹೇಳೋ ನೋಡೋಣ."

"ಮಂಡಳಿಗೆ ಇದ್ದ ಹಾಗಿದೆ. ಕೆಳಗಡೆ ಸಹಿ ನೋಡು, ಎಷ್ಟು ದಪ್ಪಗಿದೆ."

ಆ ದಪ್ಪ ಸಹಿಯ ಪರೀಕ್ಷಾಧಿಕಾರಿ ಮೇಡಂ ಮರುವಾರ ಖುದ್ದು ನಮ್ಮ ಶಾಲೆಗೇ ಬಂದರು. ಹಿಂದೆ ಚರಿತ್ರೆ ಪಾಠ ಮಾಡುತ್ತಿದ್ದವರು. ಲೆಕ್ಕ ಅಂದರೆ ಅಂಗಡಿಯ ಚೀಟಿ ಕೂಡ ಓದಲು ಹೆದರುವವರು, ಹಾಗೆಂದು ಅವರೇ ಹೇಳಿದರು. ಹಾಳೆಗೆ ಸೂತ್ರಗಳನ್ನು ಬರೆದುಕೊಡಲು ಒಬ್ಬರು ಬೇಕಾಗಿತ್ತು. "ಪುಸ್ತಕ ನೋಡಿ ಬರೆಯೋವರು ಬೇಕಾದಷ್ಟು ಜನ ಇದ್ದಾರೆ ಸರ್. ನೋಡದೆ ಬರೆಯೋವರು ನೀವೊಬ್ಬರೇ ಅಂತ ಎಲ್ಲರೂ ಹೇಳ್ತಾರೆ," ಅಂದರು.

ವಿರೋಧ ಮಾಡಬೇಕೆಂದು ಬಾಯಿ ತೆರೆದವನು ನಾನು. ಆ ಒಂದು ಮಾತಿಗೆ ಬಾಯಿ ಮುಚ್ಚಿತು, ಕಣ್ಣೂ ಮುಚ್ಚಿತು. ಕಣ್ಣು ಮುಚ್ಚಿತು ಎಂದರೆ ನಿಜವಾಗಿಯೇ ಮುಚ್ಚಿದೆ. "ನೋಡದೆ ಅಂದ್ರಲ್ಲ ಮೇಡಂ, ಈಗ ನೋಡಿ!" ಎಂದು ಬಿಳಿ ಹಾಳೆ ಎಳೆದುಕೊಂಡು, ಎರಡೂ ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಲ್ಲಿ ಗಿರಣಿ ಓಡಿಸುತ್ತ ಅರವತ್ತನಾಲ್ಕೂ ಸೂತ್ರಗಳನ್ನು ಒಂದೇ ಉಸಿರಿನಲ್ಲಿ ಬರೆದು ಮುಗಿಸಿದೆ. ಸಾಲುಗಳು ಬಾಲಂಗೋಚಿಯ ಹಾಗೆ ಸ್ವಲ್ಪ ಓಲಾಡಿದ್ದವು, ಅಷ್ಟೆ. ಮೇಡಂ ಚಪ್ಪಾಳೆ ತಟ್ಟಿದರು. ಚಾಕ್‌ಪೀಸ್ ಕೂಡ ತಟ್ಟಿದ. ಹಾಳೆ ಅಚ್ಚಿಗೆ ಹೋಯಿತು.

ಅವತ್ತು ಸಾಯಂಕಾಲದಿಂದ ನನಗೆ ಪೆನ್ಸಿಲ್ಲಿನ ಸದ್ದು ಕೇಳಲು ಶುರುವಾಯಿತು.

ಮೊದಮೊದಲು ಇಲಿ ಎಂದುಕೊಂಡೆ. ಮರದ ಮೇಜಿನ ಮೇಲೆ ಕಾಗದ ಇಟ್ಟು, ಮೊಂಡಾದ ಪೆನ್ಸಿಲ್ಲಿನಿಂದ ಯಾರೋ ನಿಧಾನವಾಗಿ ಒಂದು ಸುತ್ತು ಎಳೆದ ಹಾಗೆ: ಸರ್ರ್... ಎಂದು ಸುತ್ತಿ ಬಂದು, ಹೊರಟ ಜಾಗದಲ್ಲೇ ನಿಲ್ಲುವುದು. ಆಮೇಲೆ ಎರಡು ಚಿಕ್ಕ ಗೆರೆಗಳು, ಟಕ್, ಟಕ್. ಆಮೇಲೆ ಸುಮ್ಮನೆ. ಊಟಕ್ಕೆ ಕೂತಾಗ, ಸ್ನಾನದ ನೀರು ಬೀಳುವಾಗ, ಬಸ್ಸಿನ ಕಿಟಕಿಯ ಪಕ್ಕ, ಹಾಡುಹಗಲು ಗಿರಣಿ ಓಡುತ್ತಿರುವಾಗಲೂ ಅರವತ್ತು ಗಂಟಲುಗಳ ಅಡಿಯಿಂದ ಅದು ಕೇಳುತ್ತಿತ್ತು. ಕೆಲವೇ ದಿನಗಳಲ್ಲಿ ಗುರುತುಗಳೂ ಕಾಣಿಸಿಕೊಂಡವು. ಹಾಜರಿ ಪುಸ್ತಕದ ಅಂಚಿನಲ್ಲಿ, ಲಾಂಡ್ರಿ ಚೀಟಿಯ ಬೆನ್ನಿಗೆ, ಪತ್ರಿಕೆಯಲ್ಲಿ ಬಂದ ಮಂತ್ರಿಯ ಹಣೆಯ ಮೇಲೆ, ಎಲ್ಲೆಲ್ಲೂ ಒಂದು ಪುಟ್ಟ ವೃತ್ತ, ಅದರೊಳಗೆ ನಡುವಿನಿಂದ ಹೊರಟ ಎರಡು ತೋಳು. ನೋಡಿದ ತಕ್ಷಣ ಅದು ಯಾರ ಕೈ ಎಂದು ಗೊತ್ತಾಯಿತು.

ಅದು ಮೂವತ್ತೇಳರ ಕೈ.

ಮೂವತ್ತೇಳು ಅಂದರೆ ಹಾಜರಿ ಸಂಖ್ಯೆ. ಹತ್ತೊಂಬತ್ತು ವರ್ಷದ ಹಿಂದಿನ ಹುಡುಗ. ಹೆಸರು ಇತ್ತು, ಇದ್ದೇ ಇರುತ್ತದಲ್ಲ. ನನ್ನ ತಲೆಯಲ್ಲಿ ಇನ್ನೂರ ಹನ್ನೆರಡು ಸೂತ್ರಗಳ ನಡುವೆ ಅದಕ್ಕೆ ಜಾಗ ಆಗಿರಲಿಲ್ಲ. ಸಣ್ಣ ದನಿ, ಎಡಗೈ ಬರಹ, ಅಂಗಿಯ ತೋಳಿಗೆ ಸದಾ ಪೆನ್ಸಿಲ್ಲಿನ ಕಪ್ಪು. ಗಿರಣಿ ಓಡುವಾಗ ಅವನ ತುಟಿ ಅಲುಗುತ್ತಿರಲಿಲ್ಲ. ನಿಲ್ಲಿಸಿ ಕೇಳಿದರೆ, "ನೆನಪು ನಿಲ್ಲಲ್ಲ ಸರ್. ಬೇಕಾದಾಗ ಮಾಡ್ಕೋತೀನಿ," ಅನ್ನುತ್ತಿದ್ದ.

"ಏನು ಮಾಡ್ಕೋತೀಯೋ?"

"ಸೂತ್ರಾನ, ಸರ್."

ಇಡೀ ತರಗತಿ ನಕ್ಕಿತ್ತು. ಆದರೆ ಅವನು ಹೇಳಿದ್ದು ನಿಜ. ಒಂದು ವೃತ್ತ ಎಳೆದು, ಎರಡು ತೋಳು ಬಿಡಿಸಿ, ಉದ್ದ ಎತ್ತರ ಗುರುತು ಹಾಕಿ, ಪ್ರತಿ ಸಲವೂ ಮೊದಲಿನಿಂದ ಸೂತ್ರವನ್ನು ಹುಟ್ಟಿಸುತ್ತಿದ್ದ. ಬೇರೆಯವರು ಡಬ್ಬಿಯಿಂದ ತೆಗೆದು ಬಡಿಸುವುದನ್ನು ಇವನು ದಿನಾ ಬಿತ್ತಿ ಬೆಳೆದು ಕೊಯ್ದು ತರುತ್ತಿದ್ದ. ಬರುವುದು ತಡವಾಗುತ್ತಿತ್ತು, ಆದರೆ ಬಂದದ್ದು ಒಂದು ದಿನವೂ ತಪ್ಪಾಗಿರಲಿಲ್ಲ. ಅದೇ ನನಗೆ ಸಹಿಸಲಾಗುತ್ತಿರಲಿಲ್ಲವೋ ಏನೋ.

ವಾರ್ಷಿಕ ಪರೀಕ್ಷೆಯ ದಿನ ನಾನೇ ಆ ಕೊಠಡಿಯ ಮೇಲ್ವಿಚಾರಕ. ಆಗ ನಮ್ಮ ಹುಡುಗರನ್ನು ನಾವೇ ಕಾಯಬಹುದಿತ್ತು. ಕೊನೆಯ ಗಂಟೆಯಲ್ಲಿ ಮೂವತ್ತೇಳು ಕೈ ಎತ್ತಿದ. ಹತ್ತಿರ ಹೋದೆ. ಅವನ ಉತ್ತರ ಪತ್ರಿಕೆಯ ತುಂಬ ವೃತ್ತಗಳು.

"ಸರ್, ಇದೊಂದೇ. ಕಾಸ್ ಎ ಪ್ಲಸ್ ಬಿ. ನಡುವೆ ಕೂಡೋದಾ, ಕಳೆಯೋದಾ? ಮಾಡ್ಕೊಳ್ಳೋಕೆ ಟೈಮಿಲ್ಲ."

ಹೇಳಬಾರದು ಎಂಬುದು ನಿಯಮ. ನಾನು ಹೇಳಲಿಲ್ಲ, ಅದು ಸರಿ. ಆದರೆ ನಾನು ಅಷ್ಟಕ್ಕೇ ಬಿಟ್ಟವನಲ್ಲ. ಇಡೀ ಕೊಠಡಿಗೆ ಕೇಳುವ ಹಾಗೆ, "ಗಿರಣಿಗೆ ಕಾಳು ಹಾಕಿದ್ರೆ ಹಿಟ್ಟು ಬರ್ತಿತ್ತು ಮರಿ. ಈಗ ಕೂತು ಹೊಲ ಉಳು," ಅಂದೆ. ಕೊಠಡಿ ಗೊಳ್ಳೆಂದಿತು. ಅವನು ತಲೆ ತಗ್ಗಿಸಿ ಇನ್ನೊಂದು ವೃತ್ತ ಎಳೆಯಲು ಶುರು ಮಾಡಿದ. ಸರ್ರ್... ಟಕ್, ಟಕ್. ಗಂಟೆ ಹೊಡೆದಾಗ ಪತ್ರಿಕೆ ಕಿತ್ತುಕೊಂಡವನೂ ನಾನೇ. ಚಿಹ್ನೆ ಬರಬೇಕಾದ ಜಾಗಕ್ಕೆ ಬಂದು ಪೆನ್ಸಿಲ್ಲು ನಿಂತಿತ್ತು.

ಅವನು ಫೇಲಾದ. ಮರುಪರೀಕ್ಷೆಗೆ ಬರಲಿಲ್ಲ. ಎಲ್ಲಿಗೆ ಹೋದ, ಏನಾದ, ಯಾರಿಗೂ ಗೊತ್ತಿಲ್ಲ. ಬದುಕಿರಲೂಬಹುದು. ಸತ್ತವರೇ ಕಾಡಬೇಕು ಎಂಬ ನಿಯಮ ಯಾವ ಸುತ್ತೋಲೆಯಲ್ಲಿದೆ?

ಈ ವೃತ್ತಗಳ ವಿಷಯವನ್ನು ಎರಡು ವಾರ ಹೊಟ್ಟೆಯಲ್ಲಿಟ್ಟುಕೊಂಡೆ. ಮೂರು ಸೇರು ಸೀಸ ನುಂಗಿದ ಭಾರ. ಕೊನೆಗೆ ಒಂದು ಸಂಜೆ ಹೆಂಡತಿಯ ಮುಂದೆ ಬಾಯಿಬಿಟ್ಟೆ. ಅವಳು ಅಂಚೆ ಕಚೇರಿಯಲ್ಲಿ ಕೌಂಟರಿನ ಕೆಲಸದವಳು, ವಿಳಾಸ ಇಲ್ಲದ್ದನ್ನು ನಂಬುವವಳಲ್ಲ. ಆಗ ತಾನೇ ಕೆಲಸದಿಂದ ಬಂದು ಕಾಲು ಚಾಚಿ ಕೂತಿದ್ದಳು.

"ಏನೇ, ಈ ಮನೆಗೆ ಯಾರೋ ಬಂದು ಹೋಗ್ತಿದ್ದಾರೆ. ನಾವಿಲ್ಲದಾಗ ಅಂಚಿನಲ್ಲೆಲ್ಲ ಗೀಚಿ ಹೋಗ್ತಾರೆ."

"ಯಾರು?"

"ಒಬ್ಬ ಹಳೇ ವಿದ್ಯಾರ್ಥಿ."

ಅವಳು ನನ್ನನ್ನೇ ನೋಡಿದಳು. ನಗಲಿಲ್ಲ. ನಕ್ಕಿದ್ದರೆ ನಾನು ಬದುಕುತ್ತಿದ್ದೆ. "ರೀ, ನಿಮ್ಮ ಎಡಗೈ ನೋಡ್ಕೊಳ್ಳಿ," ಅಂದಳು.

ನೋಡಿಕೊಂಡೆ. ಮೇಜಿನ ಮೇಲೆ ದೂರವಾಣಿ ಬಿಲ್ಲು ಇತ್ತು. ನನ್ನ ಎಡಗೈಯಲ್ಲಿ ಪೆನ್ಸಿಲ್ಲಿತ್ತು. ವೃತ್ತ ಮುಗಿದು, ಒಂದು ತೋಳು ಬಿಡಿಸಿ ಆಗಿತ್ತು. ನಾನು ನೋಡುತ್ತಿದ್ದ ಹಾಗೆಯೇ ಎರಡನೆಯದು, ಟಕ್, ಎಂದು ಮುಗಿಯಿತು. ನಾನು ಬಲಗೈಯವನು. ಎಡಗೈಯಲ್ಲಿ ನನ್ನ ಹೆಸರನ್ನು ಕೂಡ ನೆಟ್ಟಗೆ ಬರೆಯಲಾರೆ.

"ಎಷ್ಟು ದಿನದಿಂದ ಹೀಗೆ?"

"ಎಷ್ಟು ದಿನ ಅಂದ್ರೆ? ಹತ್ತೊಂಬತ್ತು ವರ್ಷ ಆಯ್ತಲ್ರೀ. ಯಾರ ಜೊತೆಗಾದ್ರೂ ಮಾತಾಡ್ತಾ ಕೂತ್ರೆ ಬರೀತಾನೇ ಇರ್ತೀರಿ. ಮೇಷ್ಟ್ರಿಗೆ ಲೆಕ್ಕದ ಹುಚ್ಚು ಅಂತ ನಾನು ಸುಮ್ಮನಿದ್ದೆ. ನಿಮಗೆ ಕಾಣಿಸ್ತಾ ಇರೋದು ಮಾತ್ರ ಈಗ."

ಪೆನ್ಸಿಲ್ಲನ್ನು ಕಿಟಕಿಯಿಂದಾಚೆ ಎಸೆದೆ. ಎಡಗೈಯನ್ನು ಜೇಬಿಗೆ ತುರುಕಿಕೊಂಡು ಓಡಾಡಲು ಶುರು ಮಾಡಿದೆ. ಊರಿಗೆಲ್ಲ ಗಿರಣಿ ಮೇಷ್ಟ್ರು ದೊರೆಯ ಹಾಗೆ ನಡೆಯುವುದನ್ನು ಕಲಿತರು ಎಂದು ಚಾಕ್‌ಪೀಸ್ ಪ್ರಚಾರ ಮಾಡಿದ.

ಅಚ್ಚಿನ ಕರಡು ಬಂದಾಗ ಓದುವುದಕ್ಕೆ ನಮ್ಮಿಬ್ಬರನ್ನೇ ಕರೆದರು. ಗಣಿತದ ಕರಡು ಓದುವ ಕ್ರಮ ಹೀಗೆ: ಒಬ್ಬ ಮೂಲ ಹಿಡಿದು ಒಂದೊಂದು ಚಿಹ್ನೆಯನ್ನೂ ಜೋರಾಗಿ ಹೇಳಬೇಕು. ಇನ್ನೊಬ್ಬ ಅಚ್ಚಿನ ಮೇಲೆ ಬೆರಳಿಟ್ಟು ಹೂಂ ಅನ್ನಬೇಕು. ನಾನು ಮೂಲ ಹಿಡಿದೆ. ಹಿಡಿದದ್ದು ಹೆಸರಿಗೆ. ಮೂವತ್ತನಾಲ್ಕು ವರ್ಷ ಅರೆದ ಹಿಟ್ಟು ಅದು, ಕಾಗದ ಯಾರಿಗೆ ಬೇಕು? ಗಿರಣಿ ಓಡಿತು. ಚಾಕ್‌ಪೀಸ್‌ಗೂ ಎಲ್ಲ ಬಾಯಿಪಾಠ. ಅವನ ಬೆರಳು ನನ್ನ ದನಿಗಿಂತ ಎರಡು ಸೂತ್ರ ಮುಂದೆಯೇ ಇತ್ತು. "ಹೂಂ, ಹೂಂ, ಹೂಂ." ಹದಿನಾರು ನಿಮಿಷದಲ್ಲಿ ಅರವತ್ತನಾಲ್ಕು ಮುಗಿದವು. ಈ ದಾಖಲೆಯನ್ನು ಮುರಿಯಲು ಯಂತ್ರಗಳಿಗೂ ಸಾಧ್ಯವಿಲ್ಲ.

"ಇದೇನು?" ಎಂದ ಚಾಕ್‌ಪೀಸ್. ಕರಡಿನ ಅಂಚಿನಲ್ಲಿ, ಹದಿನಾಲ್ಕನೆಯ ಸಾಲಿನ ಪಕ್ಕದಲ್ಲಿ ಒಂದು ಪುಟ್ಟ ವೃತ್ತ. ಒಳಗೆ ಎರಡು ತೋಳು. ನನ್ನ ಎಡಗೈ ಜೇಬಿನಿಂದ ಯಾವಾಗ ಹೊರಗೆ ಬಂದಿತ್ತೋ ನನಗೆ ಗೊತ್ತಿಲ್ಲ.

"ಏನಿಲ್ಲ. ಕಸ," ಎಂದೆ. ರಬ್ಬರಿನಿಂದ ಉಜ್ಜಿದೆ. ಕಾಗದ ತೆಳ್ಳಗಾಗುವಷ್ಟು ಉಜ್ಜಿದೆ. ಆ ಸಾಲನ್ನು ಮಾತ್ರ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಮೂವತ್ತೇಳು ತೋರಿಸಿದ್ದನ್ನು ನಾನು ಯಾಕೆ ನೋಡಬೇಕು? ಕೆಳಗೆ ಸಹಿ ಹಾಕಿದೆ. ಚಾಕ್‌ಪೀಸ್ ತನ್ನ ಸಹಿ ಹಾಕಿ ಮಂಡಿನೋವೆಂದು ಮನೆಗೆ ಹೋದ.

ಹಾಳೆಗಳನ್ನು ಕಟ್ಟು ಕಟ್ಟುವ ದಿನ ಹಾಳೆ ಬರೆದವನೊಬ್ಬ ಅಚ್ಚಿನಮನೆಯಲ್ಲಿ ಇರಲೇಬೇಕು. ನಾನಿದ್ದೆ, ಅಧಿಕಾರಿ ಮೇಡಂ ಇದ್ದರು. ಗುಟ್ಟಿನ ಕೆಲಸ ಆದ್ದರಿಂದ ಮೊಬೈಲು, ಪುಸ್ತಕ, ಪೆನ್ನು ಎಲ್ಲವನ್ನೂ ಗೇಟಿನಲ್ಲಿ ತೆಗೆದಿಟ್ಟುಕೊಂಡಿದ್ದರು. ನಾಲ್ಕು ಗಂಟೆಗೆ ಲಾರಿ ಹೊರಡುವವರೆಗೆ ಹೊರಗಿನಿಂದ ಬೀಗ. ಒಳಗೆ ಮಸಿಯ ವಾಸನೆ, ಗೋಂದಿನ ವಾಸನೆ, ಎದೆಯೆತ್ತರಕ್ಕೆ ಹಳದಿ ಹಾಳೆಗಳು. ಮುನ್ನೂರ ಹನ್ನೆರಡು ಕೇಂದ್ರಗಳಿಗೆ ಎಪ್ಪತ್ತು ಸಾವಿರ ಹಾಳೆ. ಬೈಂಡಿಂಗ್ ಅಕ್ಕ ಎಂದು ಎಲ್ಲರೂ ಕರೆಯುವ ದಪ್ಪ ಕನ್ನಡಕದ ಹೆಂಗಸು ನಿಂತಲ್ಲೇ ನಿಂತು, ಐವತ್ತೈವತ್ತು ಎಣಿಸಿ, ತಟ್ಟಿ, ದಾರ ಸುತ್ತುತ್ತಿದ್ದಳು. ಶಾಲೆಗೆ ನಾಲ್ಕನೇ ತರಗತಿಯವರೆಗೆ ಹೋದವಳಂತೆ. ಅವಳ ಕಣ್ಣಿಗೆ ಕಾಗದದ ಮೇಲಿನದೆಲ್ಲ ಬರೀ ಅಚ್ಚು, ಅರ್ಥ ಅಲ್ಲ.

ಎರಡೂವರೆಗೆ ಅವಳ ಕೈ ನಿಂತಿತು.

"ಮೇಷ್ಟ್ರೇ, ಒಂದು ಮಾತು ಕೇಳ್ಲಾ? ಬೈಬಾರ್ದು."

"ಕೇಳಮ್ಮ, ಭಯ ಬೇಡ. ಈ ಹಾಳೆಯ ತಾಯಿ ತಂದೆ ಎರಡೂ ನಾನೇ."

"ಈ ಹದಿನಾಲ್ಕು, ಹದಿನೈದು ಅಂತಿದೆಯಲ್ಲ. ಎಡಗಡೆ ಬೇರೆ ಬೇರೆ. ಒಂದರ ಹೊಟ್ಟೇಲಿ ಕೂಡೋ ಗುರ್ತು, ಇನ್ನೊಂದರ ಹೊಟ್ಟೇಲಿ ಕಳೆಯೋ ಗುರ್ತು. ಬಲಗಡೆ ನೋಡಿದ್ರೆ ಎರಡೂ ಒಂದೇ ಅಚ್ಚು. ಒಂದೇ ಸಾಮಾನನ್ನ ಎರಡು ಸಲ ಯಾಕೆ ಹಾಕಿದ್ದೀರಿ?"

ನಗುತ್ತ ಹೋದೆ. ನೋಡಿದೆ. ನಗು ಮುಖದ ಮೇಲೆಯೇ ಉಳಿಯಿತು, ಒಳಗೆ ಏನೂ ಉಳಿಯಲಿಲ್ಲ. ಕಾಸ್ ಎ ಪ್ಲಸ್ ಬಿ, ಕಾಸ್ ಎ ಮೈನಸ್ ಬಿ. ಎರಡರ ಬಲಗಡೆಯೂ ಕೂಡುವ ಚಿಹ್ನೆ. ಎರಡರಲ್ಲಿ ಒಂದು ತಪ್ಪು.

ಮೇಡಂ ಕಬ್ಬಿಣದ ಬೀರುವಿನಿಂದ ಮೂಲ ತೆಗೆದರು. ನನ್ನ ಕಣ್ಣುಮುಚ್ಚಿದ ಅಕ್ಷರ. ಅಲ್ಲೂ ಎರಡು ಸಾಲಿಗೂ ಅದೇ ಕೂಡುವ ಚಿಹ್ನೆ. ಗಾಜಿನ ಗೋಡೆಯಾಚೆ ಅಕ್ಷರ ಜೋಡಿಸಿದ ಮನುಷ್ಯ ನಿಂತಿದ್ದ, ಮುಖ ಹಾಳೆಗಿಂತ ಹಳದಿ. ಅವನು ನಾನು ಬರೆದದ್ದನ್ನೇ ಜೋಡಿಸಿದ್ದ.

"ಸರ್, ಯಾವುದು ತಪ್ಪು?" ಅಂದರು ಮೇಡಂ. "ಬೇಗ ಹೇಳಿ. ತಿದ್ದುಪಡಿ ಚೀಟಿ ಅಚ್ಚು ಹಾಕಿ ಕಟ್ಟಿಗೆಲ್ಲ ಸೇರಿಸೋಕೆ ಮುಕ್ಕಾಲು ಗಂಟೆಯಾದ್ರೂ ಬೇಕು. ಲಾರಿ ಹೋಯ್ತು ಅಂದ್ರೆ ಮುಗೀತು."

ಯಾವುದು ತಪ್ಪು! ನನ್ನನ್ನು ಕೇಳುವ ಪ್ರಶ್ನೆಯೇ ಅದು? ಗಿರಣಿ ಶುರು ಮಾಡಿದೆ, ಒಂದನೆಯ ಸೂತ್ರದಿಂದ, ಜೋರಾಗಿ. ಹದಿಮೂರು ದಾಟಿತು. "ಕಾಸ್ ಎ ಪ್ಲಸ್ ಬಿ ಅಂದರೆ, ಕಾಸ್ ಎ ಕಾಸ್ ಬಿ..."

ನಿಂತಿತು.

ಮತ್ತೆ ಮೊದಲಿನಿಂದ. ಅದೇ ಜಾಗಕ್ಕೆ ಬಂದು ನಿಂತಿತು. ಮೂರನೇ ಸಲ ಕಣ್ಣು ಮುಚ್ಚಿ ಹೇಳಿದೆ. ಮುಚ್ಚಿದ ಕಣ್ಣೊಳಗೆ ಕತ್ತಲೆಯೂ ಇರಲಿಲ್ಲ, ಒಂದು ಬಿಳಿಯ ಜಾಗವಿತ್ತು, ಚಿಹ್ನೆ ಬರಬೇಕಾದಷ್ಟೇ ಅಗಲದ್ದು. ಆ ಜಾಗದಲ್ಲಿ ಒಂದು ಸಣ್ಣ ದನಿ, ಬಹಳ ಮರ್ಯಾದೆಯಿಂದ: ಕೂಡೋದಾ ಸರ್, ಕಳೆಯೋದಾ?

ಜ್ವರದಲ್ಲೂ ನಿಲ್ಲದ ಗಿರಣಿ ಅದು. ಬೇರೆ ಯಾವುದನ್ನಾದರೂ ಹಿಡಿದು ನಡೆಯೋಣ ಎಂದು ಮೂವತ್ತು ಡಿಗ್ರಿಯ ಸೈನ್ ಎಷ್ಟು ಎಂದು ನನ್ನನ್ನೇ ಕೇಳಿಕೊಂಡೆ. ಅದೂ ಇಲ್ಲ. ಇನ್ನೂರ ಹನ್ನೆರಡೂ ಒಟ್ಟಿಗೆ ಎದ್ದು ಹೋಗಿದ್ದವು.

"ಹೇಳಿ ಸರ್," ಅಂದರು ಮೇಡಂ.

"ನೆನಪಾಗ್ತಿಲ್ಲ."

"ತಮಾಷೆ ಮಾಡ್ಬೇಡಿ."

"ತಮಾಷೆ ಅಲ್ಲಮ್ಮ."

ಈ ಎರಡು ಮಾತು ಹೇಳುವಾಗ ನನ್ನ ನಾಲಿಗೆ ಹೇಗಿತ್ತೆಂದು ನಾನು ಯಾರಿಗೂ ಹೇಳಲಾರೆ. ಮೇಡಂ ಗೋಡೆ ಗಡಿಯಾರ ನೋಡಿದರು. "ಹಾಗೇ ಬಿಟ್ರೆ ಏನಾಗುತ್ತೆ?" ಎಂದು ಮೆಲ್ಲಗೆ ಕೇಳಿದರು.

ಏನಾಗುತ್ತದೆ ಎಂಬುದು ಮಾತ್ರ ನನಗೆ ಸ್ಪಷ್ಟವಾಗಿ ಗೊತ್ತಿತ್ತು. ನನ್ನ ಹುಡುಗರಿಗೆ, ಚಾಕ್‌ಪೀಸ್‌ನ ಹುಡುಗರಿಗೆ, ಬಾಯಿಪಾಠ ಮಾಡಿದ ಯಾರಿಗೂ ಏನೂ ಆಗುವುದಿಲ್ಲ. ಅವರು ಹಾಳೆಯನ್ನು ತಿರುಗಿಯೂ ನೋಡುವುದಿಲ್ಲ. ಪರೀಕ್ಷಕರಿಗೂ ಹಾಳೆಯ ತಪ್ಪು ಕಾಣುವುದಿಲ್ಲ, ನಮಗೆ ಕಂಡಿತ್ತೇ? ನೆನಪು ನಿಲ್ಲದವರು, ಅಚ್ಚಾದದ್ದನ್ನು ನಂಬಿ ಬೆರಳಿಟ್ಟು ನೋಡಿ ಬರೆಯುವವರು ಮಾತ್ರ ಒಬ್ಬೊಬ್ಬರಾಗಿ ಹದಿನಾಲ್ಕನೆಯ ಸಾಲಿನಲ್ಲಿ ಬಿದ್ದು ಹೋಗುತ್ತಾರೆ. ಯಾರಿಗಾಗಿ ಈ ಹಾಳೆಯೋ ಅವರು ಮಾತ್ರ. ಪ್ರತಿ ಕೇಂದ್ರದಲ್ಲೂ ಒಬ್ಬ ಮೂವತ್ತೇಳು. ಮುನ್ನೂರ ಹನ್ನೆರಡು ಮೂವತ್ತೇಳುಗಳು.

"ಒಂದು ಪೆನ್ಸಿಲ್ ಕೊಡಮ್ಮ," ಎಂದೆ ಅಕ್ಕನಿಗೆ.

ಅವಳು ಗುರುತು ಹಾಕುವ ಕೆಂಪು ಪೆನ್ಸಿಲ್ಲು ಕೊಟ್ಟಳು. ಬರೆಯಲು ಒಂದು ರಟ್ಟು. "ಹೊಸ ರಟ್ಟು, ಒಂದೇ ಬದಿ ಬರೀರಿ," ಅಂದಳು.

ಪೆನ್ಸಿಲ್ಲನ್ನು ಎಡಗೈಗೆ ಕೊಟ್ಟೆ.

ಸರ್ರ್... ಎಂದು ವೃತ್ತ ಬಂತು. ಟಕ್, ಟಕ್, ಎರಡು ತೋಳು. ಇಷ್ಟು ಮಾತ್ರ ಅದಕ್ಕೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಇಷ್ಟನ್ನೇ ಬರೆದು ಅದು ನಿಲ್ಲುತ್ತಿತ್ತು. ಮುಂದಿನದನ್ನು ನಾನು ಮಾಡಬೇಕಾಗಿತ್ತು. ಕಾಲೇಜು ಬಿಟ್ಟ ಮೇಲೆ ನಾನು ಒಂದು ಸೂತ್ರವನ್ನೂ ಹುಟ್ಟಿಸಿದವನಲ್ಲ, ಬರೀ ಬಡಿಸಿದವನು. ತೋಳುಗಳ ತುದಿಗೆ ಎರಡು ಚುಕ್ಕೆ ಇಟ್ಟೆ. ಚುಕ್ಕೆಯಿಂದ ಚುಕ್ಕೆಗೆ ಎಷ್ಟು ದೂರ ಎಂದು ಒಂದು ದಾರಿಯಲ್ಲಿ ಲೆಕ್ಕ ಹಾಕಿದೆ, ಮತ್ತೆ ಇನ್ನೊಂದು ದಾರಿಯಲ್ಲಿ. ತಪ್ಪಿತು. ಹೊಡೆದು ಹಾಕಿದೆ. ಮತ್ತೊಂದು ವೃತ್ತ. ಹಣೆಯ ಬೆವರು ರಟ್ಟಿನ ಮೇಲೆ ಬಿದ್ದು ಕೆಂಪು ಹರಡಿತು. ಗಡಿಯಾರ ಎರಡೂ ಮುಕ್ಕಾಲು ಎಂದಿತು. ಗಡಿಯಾರ ಇರುವ ಕೋಣೆಯಲ್ಲಿ ಕೂತು ಯೋಚಿಸುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ನಾನು ಗಡಿಯಾರದ ಪಕ್ಕದಲ್ಲಿ ನಿಂತವನು.

ಯಾರೋ ಬೆನ್ನ ಹಿಂದೆ ಬಂದು ನಿಂತರು. ಉಸಿರು ಕುತ್ತಿಗೆಗೆ ತಾಗಿತು. ಅಕ್ಕ ಇರಬೇಕೆಂದು, "ಬೆಳಕಿಗೆ ಅಡ್ಡ ನಿಲ್ಲಬೇಡಮ್ಮ," ಎಂದೆ. "ನಾನು ಇಲ್ಲಿದ್ದೀನಲ್ಲ ಮೇಷ್ಟ್ರೇ," ಎಂದಳು ಅವಳು, ಎದುರಿನ ಗುಡ್ಡೆಯ ಆಚೆಯಿಂದ. ಮೇಡಂ ಬೀರುವಿನ ಹತ್ತಿರ ಇದ್ದರು. ನಾನು ತಿರುಗಿ ನೋಡಲಿಲ್ಲ. ಅವನು ನಗುತ್ತಾನೆ ಎಂದು ಕಾದೆ. ನಗಲು ಅವನಿಗೆ ಹಕ್ಕಿತ್ತು. ನಗಲಿಲ್ಲ. ಪೆನ್ಸಿಲ್ಲು ತಪ್ಪು ಕಡೆಗೆ ಹೋದಾಗ ಉಸಿರು ನಿಲ್ಲುತ್ತಿತ್ತು. ಸರಿಯಾದ ಕಡೆಗೆ ಹೊರಳಿದಾಗ ಮತ್ತೆ ಬರುತ್ತಿತ್ತು. ಅಷ್ಟೇ ನನಗೆ ಸಿಕ್ಕಿದ ಸಹಾಯ. ನಾನು ಅವನಿಗೆ ಕೊಟ್ಟದ್ದಕ್ಕಿಂತ ಸಾವಿರ ಪಾಲು ಹೆಚ್ಚು.

ನಾಲ್ಕನೆಯ ವೃತ್ತದಲ್ಲಿ ಹದಿನೈದನೆಯ ಸಾಲು ಹುಟ್ಟಿತು, ಕೂಡುವ ಚಿಹ್ನೆಯೊಡನೆ. ಅದು ಸರಿಯಿತ್ತು. ಇನ್ನು ಎರಡನೆಯ ತೋಳನ್ನು ಮೇಲಿನಿಂದ ಗೆರೆಯ ಕೆಳಕ್ಕೆ ಮಡಚಿದೆ. ಅದರ ಎತ್ತರ ಈಗ ಆಳವಾಯಿತು, ಆಳಕ್ಕೆ ಕಳೆಯುವ ಗುರುತು. ಹದಿನಾಲ್ಕನೆಯ ಸಾಲು ಬಂದು ಚಿಹ್ನೆಯ ಜಾಗದಲ್ಲಿ ನಿಂತಿತು, ನಾನು ಅಲ್ಲಿ ಒಂದು ಅಡ್ಡಗೆರೆ ಎಳೆದೆ.

"ಕಳೆಯೋದು," ಎಂದೆ. ಯಾರಿಗೆ ಹೇಳಿದೆನೋ, ಎಲ್ಲರೂ ಕೇಳಿಸಿಕೊಂಡರು.

ಮೂರು ಗಂಟೆ ಎಂಟು ನಿಮಿಷ. ಮೇಡಂ ತಿದ್ದುಪಡಿ ಚೀಟಿಯ ನಮೂನೆ ಎಳೆದುಕೊಂಡು ಬರೆದರು: ಹದಿನಾಲ್ಕನೆಯ ಸಾಲಿನ ಬಲಗಡೆ ಕೂಡುವ ಚಿಹ್ನೆ ಇದೆ, ಅದನ್ನು ಕಳೆಯುವ ಚಿಹ್ನೆ ಎಂದು ಓದಿಕೊಳ್ಳಿ. ಕೆಳಗೆ ಒಂದು ಖಾನೆ ಇತ್ತು. ತಪ್ಪಿನ ಕಾರಣ. ಅವರ ಕೈ ಅಲ್ಲಿ ತಡೆಯಿತು.

"ಅಚ್ಚಿನ ದೋಷ ಅಂತ ಹಾಕ್ತೀನಿ ಸರ್. ರೂಢಿ ಅದು. ಯಾರಿಗೂ ನೋವಾಗಲ್ಲ."

ಎಂಥ ಮೃದುವಾದ ಮಾತು! ಚೀಟಿ ಪ್ರತಿ ಕೊಠಡಿಯಲ್ಲೂ ಜೋರಾಗಿ ಓದುವಂಥದ್ದು. ಎಪ್ಪತ್ತು ಸಾವಿರ ಜೊತೆ ಕಿವಿಗಳು. ಅಚ್ಚಿನ ದೋಷ ಎಂದರೆ ನನ್ನ ಮೂವತ್ತನಾಲ್ಕು ವರ್ಷ ಇದ್ದ ಹಾಗೆಯೇ ಇರುತ್ತದೆ. ನಾನು ಇನ್ನೂ ಹತ್ತು ಊರುಗಳಲ್ಲಿ ಕಣ್ಣು ಮುಚ್ಚಿ ಬರೆದು ತೋರಿಸಬಹುದು. ಹೂಂ ಎನ್ನಬೇಕೆಂದು ಬಾಯಿ ತೆರೆದೆ. ಗಾಜಿನಾಚೆಯ ಮನುಷ್ಯ ಇನ್ನೂ ನಿಂತೇ ಇದ್ದ. ಕತ್ತಿನ ಹಿಂದಿನ ಉಸಿರು ಮತ್ತೆ ನಿಂತಿತು.

"ಸೂತ್ರ ಬರೆದ ಮೇಷ್ಟ್ರ ತಪ್ಪು ಅಂತ ಹಾಕಿ."

"ಸರ್..."

"ಹಾಕಿ ಮೇಡಂ, ದಪ್ಪ ಅಕ್ಷರದಲ್ಲಿ."

ಅಕ್ಕ ಕಟ್ಟಿದ ಕಟ್ಟುಗಳನ್ನು ಬಿಚ್ಚತೊಡಗಿದಳು. "ಬೆಳಗ್ಗಿಂದ ಕಟ್ಟಿದ್ದು," ಎಂದು ಗೊಣಗಿದಳು. "ಓದಿದೋರ ಸಹವಾಸ." ಅಚ್ಚಾಗಿ ಬಂದ ಚೀಟಿಯನ್ನು ಪ್ರತಿ ಕಟ್ಟಿಗೂ ಒಂದೊಂದು ತುರುಕಿ, ಮತ್ತೆ ದಾರ ಸುತ್ತಿ, ನಾವು ಮೂವರೂ ಸೇರಿ ಲಾರಿಗೆ ಏರಿಸಿದಾಗ ನಾಲ್ಕು ಗಂಟೆಗೆ ಒಂದೇ ನಿಮಿಷ ಕಡಿಮೆ ಇತ್ತು. ಇದರಲ್ಲಿ ಒಗ್ಗರಣೆ ಇಲ್ಲ ಎಂದು ಮೊದಲೇ ಹೇಳಿದ್ದೇನೆ.

ಪರೀಕ್ಷೆಯ ದಿನ ನನ್ನನ್ನು ಬೇರೆ ಶಾಲೆಯೊಂದಕ್ಕೆ ಹಾಕಿದ್ದರು. ಉದ್ದನೆಯ ಕೊಠಡಿ, ಎತ್ತರದ ಕಿಟಕಿಗಳು, ನಲವತ್ತು ಮಕ್ಕಳು. ನನ್ನನ್ನು ಗುರುತಿಸುವವರು ಯಾರೂ ಇಲ್ಲ. ಪತ್ರಿಕೆ ಹಂಚಿದೆ, ಹಳದಿ ಹಾಳೆ ಹಂಚಿದೆ, ಚೀಟಿ ಬಿಡಿಸಿ ಓದಿದೆ. ನನ್ನ ದನಿ ಮೂರು ಬೀದಿಗೆ ಕೇಳುವಂಥದ್ದು ಎಂಬುದು ಪ್ರಸಿದ್ಧ. ಅವತ್ತು ಮೊದಲ ಬೆಂಚು ದಾಟಲು ಅದಕ್ಕೆ ಎರಡು ಸಲ ಬೇಕಾಯಿತು. ನಲವತ್ತು ಪೆನ್ನುಗಳು ಹದಿನಾಲ್ಕನೆಯ ಸಾಲನ್ನು ತಿದ್ದಿದವು. ಕಾರಣದ ಖಾನೆಯನ್ನೂ ಓದಿದೆ.

ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ, "ಯಾರು ಸರ್ ಆ ಮೇಷ್ಟ್ರು? ನಮ್ಮ ಪುಣ್ಯ, ನಮಗೆ ಬಂದಿಲ್ಲ," ಅಂದಳು. ಕೊಠಡಿ ನಕ್ಕಿತು.

"ನಾನೇ," ಎಂದೆ.

ನಗು ನಿಂತಿತು. ಆ ಹುಡುಗಿ ನಾಲಿಗೆ ಕಚ್ಚಿಕೊಂಡಳು. "ಪರವಾಗಿಲ್ಲ ಮರಿ, ಬರಿ," ಎಂದೆ. "ಮೂರು ಗಂಟೆ ಟೈಮಿದೆ. ಏನಾದ್ರೂ ಗೊತ್ತಾಗದಿದ್ರೆ ಕೈ ಎತ್ತಿ."

ಹಾಗೆ ಹೇಳುವ ಅಧಿಕಾರ ಮೇಲ್ವಿಚಾರಕನಿಗಿಲ್ಲ. ನಿಯಮ ಇನ್ನೂ ಅದೇ. ಆದರೂ ಹೇಳಿದೆ. ಆಮೇಲೆ ಬೆಂಚುಗಳ ನಡುವೆ ನಡೆದೆ, ಸದ್ದಾಗದಿರಲೆಂದು ಚಪ್ಪಲಿ ಬಿಟ್ಟು ಬರಿಗಾಲಲ್ಲಿ. ಎಡಗೈ ಜೇಬಿನ ಹೊರಗೇ ಇತ್ತು, ಪಕ್ಕದಲ್ಲಿ ಸುಮ್ಮನೆ ಇಳಿಬಿದ್ದಿತ್ತು. ಒಂದು ಗಂಟೆಯಾಯಿತು. ಎರಡಾಯಿತು. ಕೊನೆಯ ಗಂಟೆ ಬಂದಾಗ ನಾನು ಕೊಠಡಿಯ ಹಿಂಭಾಗದಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಅಲ್ಲಿಂದ ಎಲ್ಲ ಭುಜಗಳೂ ಕಾಣುತ್ತವೆ. ಯಾವ ಭುಜ ಕದಲಿದರೂ ಗೊತ್ತಾಗುತ್ತದೆ.

ಯಾರೂ ಕೈ ಎತ್ತಲಿಲ್ಲ. ಬೇಕಾದದ್ದೆಲ್ಲ ಅವರ ಹಾಳೆಯ ಮೇಲಿತ್ತು. ಉತ್ತರ ನನ್ನ ಬಾಯಲ್ಲಿತ್ತು, ಹಲ್ಲಿನ ಹಿಂದೆಯೇ, ಸಿದ್ಧವಾಗಿ. ಗಂಟೆ ಹೊಡೆಯುವವರೆಗೂ ನಿಂತೇ ಇದ್ದೆ.